ಕಾಲುವೆಯ ಆಚೆ ದಡ: ಪ್ರವಾಹದಲ್ಲಿ ಸಿನಗಾಗ್ ಕಳೆದುಕೊಂಡ ಸಭೆಯೊಂದರ ಪ್ರಕರಣ ಅಧ್ಯಯನ

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಪಶ್ಚಿಮ ಅಂಚಿನಲ್ಲಿ ಒಂದು ಕಾಲುವೆ ಇದೆ. ‘17ನೇ ಬೀದಿ ಕಾಲುವೆ’ ಎಂದು ಅದರ ಹೆಸರು. ಊರು ತಗ್ಗಿನಲ್ಲಿದೆ, ಎಷ್ಟೋ ಬಡಾವಣೆಗಳು ಸಮುದ್ರಮಟ್ಟಕ್ಕಿಂತ ಕೆಳಗಿವೆ. ಬಿದ್ದ ಮಳೆನೀರು ತಾನಾಗಿ ಹರಿದುಹೋಗುವುದಿಲ್ಲ. ಪಂಪು ಹಚ್ಚಿ ಎತ್ತಿ ಇಂಥ ಕಾಲುವೆಗಳಿಗೆ ಬಿಡಬೇಕು, ಅಲ್ಲಿಂದ ಅದು ಉತ್ತರದ ಪಾಂಚರ್ಟ್ರೇನ್ ಸರೋವರ ಸೇರುತ್ತದೆ. ಕಾಲುವೆಯ ಪೂರ್ವಕ್ಕೆ ಲೇಕ್‌ವ್ಯೂ ಬಡಾವಣೆ, ಪಶ್ಚಿಮಕ್ಕೆ ಮೆಟರಿ ಎಂಬ ಉಪನಗರ. ಎರಡೂ ಬದಿಗೆ ಕಾಂಕ್ರೀಟಿನ ತಡೆಗೋಡೆ.

2005ರ ಆಗಸ್ಟ್ 29, ಸೋಮವಾರ ಬೆಳಿಗ್ಗೆ ಕತ್ರಿನಾ ಚಂಡಮಾರುತ ಸರೋವರದ ನೀರನ್ನು ಕಾಲುವೆಯೊಳಕ್ಕೆ ನೂಕಿತು. ನೀರು ಗೋಡೆಯ ನೆತ್ತಿ ಮುಟ್ಟುವ ಮೊದಲೇ ಅಡಿಯ ಸಡಿಲ ಮಣ್ಣು ಜಾರಿತು. ಕುಸಿದದ್ದು ಪೂರ್ವದ ಗೋಡೆ. ಪಶ್ಚಿಮದ ಗೋಡೆ ನಿಂತಿತು. ಗೋಡೆ ಕಟ್ಟಿಸಿದ್ದ ಸೇನಾ ಎಂಜಿನಿಯರುಗಳ ಇಲಾಖೆ ವಿನ್ಯಾಸದಲ್ಲೇ ದೋಷವಿತ್ತೆಂದು ಮರುವರ್ಷ ಒಪ್ಪಿಕೊಂಡಿತು. ಅಷ್ಟರಲ್ಲಿ ಆಗಬೇಕಾದದ್ದೆಲ್ಲ ಆಗಿಹೋಗಿತ್ತು. ಬೇರೆ ಕಡೆಗಳಲ್ಲೂ ಗೋಡೆ ಒಡೆದು, ನಗರದ ಶೇ. 80ರಷ್ಟು ಭಾಗ ನೀರಿನಡಿ ಸೇರಿತು.

ಪೂರ್ವದ ದಡದಲ್ಲಿ, ಕೆನಾಲ್ ಬುಲೆವಾರ್ಡ್‌ನ 7000ನೇ ನಂಬರಿನ ಕಟ್ಟಡ ಆಗ ಬೆತ್ ಇಸ್ರೇಲ್ ಸಭೆಯ ಸಿನಗಾಗ್ ಆಗಿತ್ತು, ಎಂದರೆ ಯಹೂದಿಗಳ ಪ್ರಾರ್ಥನಾಮಂದಿರ. (‘ಸಭೆ’ ಎಂಬ ಮಾತನ್ನು ನಮ್ಮ ಕಡೆಯ ಕ್ರೈಸ್ತರು ಬಳಸುವ ಅರ್ಥದಲ್ಲೇ ಬಳಸುತ್ತಿದ್ದೇನೆ: ಒಟ್ಟಿಗೆ ಆರಾಧಿಸುವ ಜನ.) ಸಂಪ್ರದಾಯಸ್ಥ ಯಹೂದಿಗಳದ್ದು. ಪಶ್ಚಿಮದ ದಡದಲ್ಲಿ, ಮೆಟರಿಯ ವೆಸ್ಟ್ ಎಸ್‌ಪ್ಲನೇಡ್ ಅವೆನ್ಯೂ 4000ನೇ ನಂಬರಿನಲ್ಲಿ ಗೇಟ್ಸ್ ಆಫ್ ಪ್ರೇಯರ್ ಎಂಬ ಇನ್ನೊಂದು ಸಿನಗಾಗ್. ಇದು ಸುಧಾರಣಾವಾದಿ ಯಹೂದಿಗಳದ್ದು. ದೇವರು ಒಬ್ಬನೇ, ಗ್ರಂಥ ಒಂದೇ. ಆದರೆ ಆಚರಣೆಯಲ್ಲಿ ಇವೆರಡರ ನಡುವಿನ ಅಂತರ ಆ ಕಾಲುವೆಗಿಂತ ಬಹಳ ಅಗಲ. ಒಂದು ದಡದವರು ಮನೆ ಕಳೆದುಕೊಂಡಾಗ ಇನ್ನೊಂದು ದಡದವರು ಬಾಗಿಲು ತೆರೆದರು, ಏಳು ವರ್ಷ ಮುಚ್ಚಲಿಲ್ಲ. ಈ ಬರಹ ಅದರ ಬಗ್ಗೆ.

ಸಿನಗಾಗ್ ಕಳೆದುಕೊಂಡ ಸಭೆಗಳು ಬೇಕಾದಷ್ಟಿವೆ, ಬೆಂಕಿಗೆ, ದ್ವೇಷಕ್ಕೆ, ಯುದ್ಧಕ್ಕೆ. ಈ ಒಂದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ವಿಪತ್ತಿನಲ್ಲಿ ಅಕ್ಕಿ, ಹೊದಿಕೆ, ಹಣ ಕೊಡುವವರನ್ನು ನಾವು ಕಂಡಿದ್ದೇವೆ. ಆದರೆ ತನ್ನ ರೀತಿಯನ್ನು ಒಪ್ಪದವರಿಗೆ ತನ್ನದೇ ಸೂರಿನಡಿ ಜಾಗ ಕೊಟ್ಟು, ‘ನೀವು ನಿಮ್ಮ ಹಾಗೆಯೇ ಇರಿ’ ಎನ್ನುವುದು ಅದಕ್ಕಿಂತ ಕಷ್ಟದ ಕೆಲಸ. ಅದು ಹೇಗೆ ಸಾಧ್ಯವಾಯಿತು ಎಂಬುದೇ ನನ್ನ ಕುತೂಹಲ.

ಮುಳುಗಿದ್ದು

ಬೆತ್ ಇಸ್ರೇಲ್ ಎಂದರೆ ಹೀಬ್ರೂವಿನಲ್ಲಿ ‘ಇಸ್ರೇಲಿನ ಮನೆ’. ಪೂರ್ವ ಯುರೋಪಿನಿಂದ ಬಂದ ವಲಸಿಗರು ಸಣ್ಣಪುಟ್ಟ ಪ್ರಾರ್ಥನಾ ಕೂಟಗಳನ್ನು ಒಂದುಗೂಡಿಸಿ 1903–04ರ ಸುಮಾರಿಗೆ ಕಟ್ಟಿದ ಸಭೆ ಇದು. (‘ಸಭೆ’ ಎಂಬ ಮಾತನ್ನು ನಮ್ಮ ಕಡೆಯ ಕ್ರೈಸ್ತರು ಬಳಸುವ ಅರ್ಥದಲ್ಲೇ ಬಳಸುತ್ತಿದ್ದೇನೆ: ಒಟ್ಟಿಗೆ ಆರಾಧಿಸುವ ಜನ.) ಮೊದಲು ಊರ ಮಧ್ಯದ ಕ್ಯಾರೊಂಡೆಲೆಟ್ ಬೀದಿಯಲ್ಲಿತ್ತು. ಹತ್ತಿರದ ಡ್ರಯಡ್ಸ್ ಬೀದಿಯಲ್ಲಿ ಯಹೂದಿಗಳ ಅಂಗಡಿ ಸಾಲಿತ್ತು. 1960ರ ದಶಕದಲ್ಲಿ 500ಕ್ಕೂ ಹೆಚ್ಚು ಕುಟುಂಬಗಳಿದ್ದು, ಅಮೆರಿಕದ ದಕ್ಷಿಣ ರಾಜ್ಯಗಳ ಅತಿದೊಡ್ಡ ಸಂಪ್ರದಾಯಸ್ಥ ಸಭೆ ಎನಿಸಿತ್ತು. ಜನ ಹೊರವಲಯದ ಬಡಾವಣೆಗಳತ್ತ ಸರಿದಂತೆ ಸಭೆಯೂ ಸರಿದು, 1971ರಲ್ಲಿ ಲೇಕ್‌ವ್ಯೂನ ಹೊಸ ಕಟ್ಟಡ ಸೇರಿತು. ಅಲ್ಲಿಂದ ಮುಂದೆ ಮಕ್ಕಳು ಓದಿಗೆ, ಕೆಲಸಕ್ಕೆ ಬೇರೆ ಊರು ಹಿಡಿದು ಸಂಖ್ಯೆ ಕರಗುತ್ತ ಬಂತು. 2005ರ ಹೊತ್ತಿಗೆ 200 ಕುಟುಂಬಗಳೂ ಇರಲಿಲ್ಲ.

ಇದನ್ನು ಮೊದಲೇ ಹೇಳುವುದು ನ್ಯಾಯ. ಕತ್ರಿನಾ ಬಂದಾಗ ಬೆತ್ ಇಸ್ರೇಲ್ ತುಂಬಿ ತುಳುಕುತ್ತಿದ್ದ ಸಭೆಯಾಗಿರಲಿಲ್ಲ, ಬಹಳ ಹಿಂದಿನಿಂದಲೇ ತೆಳುವಾಗುತ್ತ ಬಂದಿದ್ದ ಸಭೆ. ಇಂಥ ಸಭೆಗಳನ್ನು ಒಂದು ಪ್ರವಾಹ ಸುಲಭವಾಗಿ ಮುಗಿಸಿಬಿಡಬಲ್ಲದು.

ಚಂಡಮಾರುತಕ್ಕೆ ಮುಂಚಿನ ಶನಿವಾರ ಆಗಸ್ಟ್ 27. ಅಂದು ಸಬ್ಬತ್, ವಾರದ ವಿಶ್ರಾಂತಿಯ ದಿನ. ಸಂಪ್ರದಾಯ ಪಾಲಿಸುವ ಯಹೂದಿಗಳು ಅಂದು ಗಾಡಿ ಓಡಿಸುವುದಿಲ್ಲ, ಟಿ.ವಿ. ಹಾಕುವುದಿಲ್ಲ, ಫೋನು ಎತ್ತುವುದಿಲ್ಲ. ಆದರೆ ಅವರ ಧರ್ಮಶಾಸ್ತ್ರದಲ್ಲೇ ಇನ್ನೊಂದು ನಿಯಮವಿದೆ: ಪ್ರಾಣ ಉಳಿಸಲು ಸಬ್ಬತ್ ಮುರಿಯಬಹುದು, ಮುರಿಯಲೇಬೇಕು. ಮಾರನೆಯ ದಿನ ಭಾನುವಾರ, ಊರು ಬಿಡುವುದು ಕಡ್ಡಾಯ ಎಂದು ಮೇಯರ್ ಆದೇಶ ಹೊರಡಿಸಿದರು. ಜನ ಬ್ಯಾಟನ್ ರೂಜ್‌ಗೆ, ಹ್ಯೂಸ್ಟನ್‌ಗೆ, ಇನ್ನೂ ದೂರದ ನೆಂಟರ ಮನೆಗಳಿಗೆ ಹೊರಟರು. ಎರಡು ದಿನದ ಬಟ್ಟೆ ತುಂಬಿಕೊಂಡು ಹೊರಟವರೇ ಹೆಚ್ಚು. ಆ ಊರಿನವರಿಗೆ ಚಂಡಮಾರುತ ಹೊಸದಲ್ಲ. ಹೋಗುವುದು, ಒಂದೆರಡು ದಿನ ಇದ್ದು ಬರುವುದು ರೂಢಿ.

ತೋರಾ ಸುರುಳಿಗಳು, ಅವರ ಪವಿತ್ರ ಗ್ರಂಥದ ಕೈಬರಹದ ಪ್ರತಿಗಳು, ಸಿನಗಾಗಿನಲ್ಲೇ ಹಿಂದೆ ಉಳಿದವು. ಏಳು.

ಕಟ್ಟಡದೊಳಗೆ ಹತ್ತು ಅಡಿಯಷ್ಟು ನೀರು ನಿಂತಿತು. ಬಚ್ಚಲ ನೀರು, ಪೆಟ್ರೋಲು, ಸರೋವರದ ಕೆಸರು ಎಲ್ಲ ಬೆರೆತ ಕೊಳಕು ನೀರು. ಅದು ಬೇಗ ಇಳಿಯಲೂ ಇಲ್ಲ. ಬಟ್ಟಲಿನಂಥ ಊರಿನಿಂದ ಅದನ್ನು ಪಂಪಿನಲ್ಲೇ ಎತ್ತಬೇಕಿತ್ತು, ಅದಕ್ಕೆ ವಾರಗಟ್ಟಲೆ ಹಿಡಿಯಿತು. ಆಗಸ್ಟ್–ಸೆಪ್ಟೆಂಬರ್ ಅಲ್ಲಿ ಕಡುಬೇಸಿಗೆ. ಮುಚ್ಚಿದ ಕಟ್ಟಡದೊಳಗೆ ಬೆಚ್ಚನೆಯ ನೀರು ಹಾಗೇ ನಿಂತರೆ ಏನಾಗುತ್ತದೆಂದು ಮಲೆನಾಡಿನ ಮಳೆಗಾಲ ಕಂಡವರಿಗೆ ವಿವರಿಸಬೇಕಿಲ್ಲ. ಬೂಷ್ಟು ಗೋಡೆ ಹತ್ತಿ ಸೂರು ಮುಟ್ಟುತ್ತದೆ.

ಮಣ್ಣಿಗೆ ಒಪ್ಪಿಸಿದ್ದು

ತೋರಾ ಸುರುಳಿ ಎಂದರೇನೆಂದು ಸ್ವಲ್ಪ ಹೇಳಬೇಕು. ಅದು ತಿಳಿಯದೆ ಈ ನಷ್ಟದ ಭಾರ ತಿಳಿಯುವುದಿಲ್ಲ.

ಮೋಶೆಯ ಐದು ಪುಸ್ತಕಗಳನ್ನು ಚರ್ಮದ ಹಾಳೆಗಳ ಮೇಲೆ, ಗರಿ ಇಲ್ಲವೇ ಜೊಂಡಿನ ಲೇಖನಿಯಿಂದ, ಕೈಯಲ್ಲೇ ಬರೆಯಬೇಕು. ಅಚ್ಚು ಹಾಕುವಂತಿಲ್ಲ. ಒಟ್ಟು 3,04,805 ಅಕ್ಷರ. ಲಿಪಿಕಾರ ಪ್ರತಿ ಪದವನ್ನೂ ಬಾಯಲ್ಲಿ ಹೇಳಿಕೊಂಡು ಬರೆಯುತ್ತಾನೆ, ದೇವರ ಹೆಸರು ಬಂದಾಗ ನಿಂತು ಮನಸ್ಸು ಹದಗೊಳಿಸಿಕೊಳ್ಳುತ್ತಾನೆ. ಒಂದು ಸುರುಳಿಗೆ ವರ್ಷವೇ ಹಿಡಿಯುತ್ತದೆ. ಹಾಳೆಗಳನ್ನು ಪ್ರಾಣಿಯ ನರದ ದಾರದಿಂದ ಹೊಲಿದು ಎರಡು ಮರದ ದಂಡಗಳಿಗೆ ಸುತ್ತುತ್ತಾರೆ. ಆ ದಂಡಗಳಿಗೆ ‘ಜೀವವೃಕ್ಷ’ ಎಂಬ ಅರ್ಥದ ಹೆಸರು. ಓದುವಾಗ ಅಕ್ಷರವನ್ನು ಬೆರಳಿನಿಂದ ಮುಟ್ಟುವುದಿಲ್ಲ, ತುದಿಯಲ್ಲಿ ಪುಟ್ಟ ಕೈಯ ಆಕಾರವಿರುವ ಬೆಳ್ಳಿಯ ಕಡ್ಡಿ ಹಿಡಿದು ಸಾಲು ತೋರಿಸುತ್ತಾರೆ. ಒಂದೇ ಒಂದು ಅಕ್ಷರ ಅಳಿಸಿದರೂ ಇಡೀ ಸುರುಳಿ ಓದಿಗೆ ಸಲ್ಲದು. ತಿದ್ದಿ ಸರಿಪಡಿಸಬಹುದಾದರೆ ಲಿಪಿಕಾರ ತಿದ್ದುತ್ತಾನೆ. ಚರ್ಮವೇ ಊದಿ, ಮಸಿಯೇ ಹರಿದುಹೋದರೆ ತಿದ್ದುವುದಕ್ಕೆ ಉಳಿಯುವುದೇನು?

ನಗರ ಇನ್ನೂ ನೀರಿನಲ್ಲಿರುವಾಗಲೇ ರಕ್ಷಣಾ ಕಾರ್ಯಕರ್ತರು ದೋಣಿಯಲ್ಲಿ ಬೆತ್ ಇಸ್ರೇಲ್ ತಲುಪಿದರು. ಲೈಫ್ ಜಾಕೆಟ್ ತೊಟ್ಟ ಒಬ್ಬರು ಸುರುಳಿಯನ್ನು ಎದೆಗವಚಿಕೊಂಡು ನೀರಿನಲ್ಲಿ ನಡೆದು ಬರುತ್ತಿರುವ ಚಿತ್ರ ಆಗ ಜಗತ್ತೆಲ್ಲ ಓಡಾಡಿತು. ಮಗುವನ್ನು ಎತ್ತಿಕೊಳ್ಳುವ ರೀತಿಯಲ್ಲೇ ಎತ್ತಿಕೊಂಡಿದ್ದಾರೆ. ಆ ಚಿತ್ರ ನೋಡಿದವರಿಗೆ ಸುರುಳಿ ಉಳಿಯಿತು ಅನ್ನಿಸಿರಬೇಕು. ಉಳಿಯಲಿಲ್ಲ. ಏಳಕ್ಕೆ ಏಳೂ ಕೆಟ್ಟಿದ್ದವು. ಜತೆಗೆ 3,000ಕ್ಕೂ ಹೆಚ್ಚು ಪ್ರಾರ್ಥನಾ ಪುಸ್ತಕಗಳು.

ಕೆಟ್ಟ ಸುರುಳಿಯನ್ನು ಎಸೆಯುವಂತಿಲ್ಲ, ಸುಡುವಂತಿಲ್ಲ. ಮನುಷ್ಯರನ್ನು ಹೂಳುವ ಹಾಗೆ ಸ್ಮಶಾನದಲ್ಲಿ ಹೂಳಬೇಕು. ದೇವರ ಹೆಸರು ಅಚ್ಚಾದ ಪುಸ್ತಕಕ್ಕೂ ಅದೇ ಮರ್ಯಾದೆ. ನಮ್ಮಲ್ಲಿ ಮೂರ್ತಿ ಭಿನ್ನವಾದರೆ ನೀರಿಗೆ ಬಿಡುತ್ತೇವೆ. ಅಲ್ಲಿ ನೀರು ಕೆಡಿಸಿದ್ದನ್ನು ಮಣ್ಣಿಗೆ ಒಪ್ಪಿಸಿದರು. ಬೆತ್ ಇಸ್ರೇಲ್‌ನವರು ಏಳು ಸುರುಳಿಗಳನ್ನೂ ಪುಸ್ತಕಗಳನ್ನೂ ಹೂಳಿದರು.

ಇದನ್ನು ನಾನು ಬರೀ ಧಾರ್ಮಿಕ ವಿಧಿಯಾಗಿ ನೋಡುವುದಿಲ್ಲ. ವಿಪತ್ತಿನ ನಂತರ ಜನರಿಗೆ ಮೊದಲು ಬೇಕಾಗುವುದು ಕಟ್ಟುವ ಯೋಜನೆಯಲ್ಲ, ಹೋದದ್ದು ಹೋಯಿತೆಂದು ಒಟ್ಟಾಗಿ ನಿಂತು ಹೇಳುವುದಕ್ಕೆ ಒಂದು ಜಾಗ, ಒಂದು ದಿನ. ಈ ಸಭೆಗೆ ಅದಕ್ಕೊಂದು ಕ್ರಮ ಮೊದಲಿನಿಂದಲೇ ಇತ್ತು. ಗುದ್ದಲಿ ಹಿಡಿದು ಮಣ್ಣು ಎಳೆದವರಿಗೆ, ತಾವು ಓದುತ್ತಿದ್ದ, ತಮ್ಮ ಅಪ್ಪಂದಿರು ಓದುತ್ತಿದ್ದ ಸುರುಳಿಗೆ ಕೊನೆಯ ಸೇವೆ ಮಾಡಿದೆವೆಂಬ ಸಮಾಧಾನವಾದರೂ ದಕ್ಕಿತು. ನೆರವಿಗೆ ಬರುವ ಹೊರಗಿನವರು ಇದಕ್ಕೆ ಸಮಯ ಬಿಡಬೇಕು.

ಹೊಸ ಸುರುಳಿ ಬಂದ ಕತೆ ಚಿಕ್ಕದು, ಆದರೆ ಬಿಡಲಾಗದ್ದು. ಕ್ಯಾಲಿಫೋರ್ನಿಯಾದ ಒಬ್ಬ ಹದಿಹರೆಯದ ಹುಡುಗಿ ಬೆತ್ ಇಸ್ರೇಲ್‌ನ ಸುದ್ದಿ ಕೇಳಿದಳು. ಆ ಊರನ್ನೂ ಆ ಜನರನ್ನೂ ಕಂಡವಳಲ್ಲ. ತಾನೇ ಮುಂದೆ ನಿಂತು ಹಣ ಕೂಡಿಸಿ ಒಂದು ತೋರಾ ಸುರುಳಿ ಕೊಡಿಸಿದಳು. ಪ್ರವಾಹವಾಗಿ ಒಂದು ವರ್ಷ ತುಂಬುವ ಹೊತ್ತಿಗೆ, 2006ರಲ್ಲಿ, ಅದು ಸಭೆಯ ಕೈ ಸೇರಿತು. ಓದುವುದಕ್ಕೆ ಸುರುಳಿ ಬಂತು. ಇಡುವುದೆಲ್ಲಿ?

ನೆರೆಯವರ ಸೂರು

ಹೀಬ್ರೂವಿನಲ್ಲಿ ಸಿನಗಾಗಿಗೆ ‘ಕೂಡುವ ಮನೆ’ ಎಂಬ ಅರ್ಥದ ಹೆಸರು. ಹತ್ತು ಜನ ಕೂಡಿದರೆ ಸಾಮೂಹಿಕ ಪ್ರಾರ್ಥನೆ ಎಲ್ಲಿ ಬೇಕಾದರೂ ನಡೆಯುತ್ತದೆ, ಯಾರದೋ ನಡುಮನೆಯಲ್ಲಿ, ಮೈದಾನದಲ್ಲಿ. ಶಾಸ್ತ್ರಕ್ಕೆ ಕಟ್ಟಡ ಬೇಕಿಲ್ಲ. ಬೇಕಾದದ್ದು ಆ ಹತ್ತು ಜನ, ಸಂಪ್ರದಾಯಸ್ಥರಲ್ಲಾದರೆ ಹತ್ತು ಗಂಡಸರು. ಚದುರಿದ ಸಭೆಗೆ ಕಷ್ಟವಾದದ್ದೇ ಅದು. ಸಭೆಯ ಧರ್ಮಗುರು, ರಬ್ಬಿಯವರೂ ಮನೆ ಕಳೆದುಕೊಂಡು ಊರು ಬಿಟ್ಟಿದ್ದರು. ಸದಸ್ಯರಲ್ಲಿ ಹೆಚ್ಚಿನವರು ವಾಪಸಾಗಲಿಲ್ಲ. ವಾಪಸಾದವರನ್ನು ಕೂಡಿಸಿ, ಸಭೆ ಇನ್ನೂ ಇದೆ ಎಂದು ಹಿಡಿದು ನಿಂತವರಲ್ಲಿ ಮುಖ್ಯರು ಅಧ್ಯಕ್ಷೆ ಜಾಕಿ ಗೋಥಾರ್ಡ್.

ಅವರಿಗೆ ಜಾಗ ಸಿಕ್ಕಿದ್ದು ಕಾಲುವೆಯ ಆಚೆ ದಡದಲ್ಲಿ. ಮೆಟರಿಯೇನೂ ಪೂರ್ತಿ ಒಣಗಿರಲಿಲ್ಲ. ಅಲ್ಲಿನ ಆಡಳಿತ ಪಂಪು ನಡೆಸುವವರನ್ನು ಚಂಡಮಾರುತಕ್ಕೆ ಮುಂಚೆ ಊರಿಂದಾಚೆ ಕಳಿಸಿದ್ದರಿಂದ ಅಲ್ಲೂ ಎಷ್ಟೋ ಮನೆಗಳಿಗೆ ನೀರು ನುಗ್ಗಿತ್ತು. ಆದರೆ ಅಲ್ಲಿ ಹತ್ತು ಅಡಿ ನಿಂತಿರಲಿಲ್ಲ. ಗೇಟ್ಸ್ ಆಫ್ ಪ್ರೇಯರ್ ತನ್ನ ಕಟ್ಟಡದೊಳಗೆ ಬೆತ್ ಇಸ್ರೇಲಿಗೆ ಜಾಗ ಬಿಟ್ಟುಕೊಟ್ಟಿತು. ಆ ಸಭೆಯ ರಬ್ಬಿ ರಾಬರ್ಟ್ ಲೋವಿ, 1984ರಿಂದ ಅಲ್ಲೇ ಇದ್ದವರು.

ಇದು ಅಷ್ಟು ಸಲೀಸಾದ ಸಂಗತಿಯಲ್ಲ ಎಂಬುದಕ್ಕೆ ಮಡಿ-ಮೈಲಿಗೆಯ ಮನೆಗಳನ್ನು ಬಲ್ಲ ನಮಗೆ ದೊಡ್ಡ ವಿವರಣೆ ಬೇಡ. ಸುಧಾರಣಾವಾದಿಗಳಲ್ಲಿ ಗಂಡ-ಹೆಂಡತಿ ಒಟ್ಟಿಗೆ ಕುಳಿತು ಪ್ರಾರ್ಥಿಸುತ್ತಾರೆ, ಹೆಣ್ಣುಮಕ್ಕಳು ರಬ್ಬಿಗಳಾಗುತ್ತಾರೆ, ಪ್ರಾರ್ಥನೆಯಲ್ಲಿ ಇಂಗ್ಲಿಷ್ ಧಾರಾಳವಾಗಿರುತ್ತದೆ, ಸಬ್ಬತ್ ದಿನ ವಾದ್ಯ ನುಡಿಸುತ್ತಾರೆ, ಕಾರಿನಲ್ಲಿ ಬರುತ್ತಾರೆ. ಸಂಪ್ರದಾಯಸ್ಥರಲ್ಲಿ ಇದೊಂದೂ ಇಲ್ಲ. ಗಂಡಸರಿಗೂ ಹೆಂಗಸರಿಗೂ ನಡುವೆ ‘ಮೆಹಿತ್ಸಾ’ ಎಂಬ ತಡಿಕೆ ಇರಲೇಬೇಕು. ಪ್ರಾರ್ಥನೆ ಹೀಬ್ರೂವಿನಲ್ಲಿ. ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ, ಎರಡೂ ಎಂದೂ ಬೆರೆಯಬಾರದು. ಸಬ್ಬತ್ ದಿನ ನಡೆದೇ ಬರಬೇಕು.

ಆ ತಡಿಕೆಯ ವಿಷಯ ಎಷ್ಟು ಸೂಕ್ಷ್ಮವೆಂದರೆ, ಇದೇ ನ್ಯೂ ಆರ್ಲಿಯನ್ಸಿನಲ್ಲಿ ಅದು ಕೋರ್ಟಿನ ಮೆಟ್ಟಿಲು ಹತ್ತಿತ್ತು. ಹೆವ್ರಾ ತಿಲ್ಲಿಮ್ ಎಂಬ ಸಭೆ 1950ರ ದಶಕದಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ಕೂರಬಹುದೆಂದು ತೀರ್ಮಾನಿಸಿತು. ಸಭೆಯ ಆಸ್ತಿ ಸಂಪ್ರದಾಯಸ್ಥ ಆರಾಧನೆಗೆಂದೇ ಕೊಟ್ಟದ್ದು, ಒಟ್ಟಿಗೆ ಕೂತರೆ ಅದು ಸಂಪ್ರದಾಯವಲ್ಲ ಎಂದು ಕೆಲವು ಸದಸ್ಯರು ದಾವೆ ಹೂಡಿದರು. ಲೂಸಿಯಾನಾ ರಾಜ್ಯದ ಸುಪ್ರೀಂ ಕೋರ್ಟು 1961ರಲ್ಲಿ ಒಟ್ಟಿಗೆ ಕೂರುವವರ ಪರ ತೀರ್ಪು ಕೊಟ್ಟಿತು. ಅದೇ ಕಾಲದಲ್ಲಿ ಅಮೆರಿಕದ ಸಂಪ್ರದಾಯಸ್ಥರ ಬಹುದೊಡ್ಡ ಪಂಡಿತರಾಗಿದ್ದ ರಬ್ಬಿ ಜೋಸೆಫ್ ಸೊಲೊವೈಚಿಕ್, ತಡಿಕೆಯಿಲ್ಲದ ಸಿನಗಾಗಿನಲ್ಲಿ ಹೊಸವರ್ಷದ ಪ್ರಾರ್ಥನೆ ಮಾಡುವುದಕ್ಕಿಂತ ಮನೆಯಲ್ಲಿ ಒಬ್ಬನೇ ಪ್ರಾರ್ಥಿಸುವುದೇ ಸರಿ ಎಂದಿದ್ದರು. ಈ ಹಿನ್ನೆಲೆಯ ಊರಿನಲ್ಲಿ ಒಂದು ಸಂಪ್ರದಾಯಸ್ಥ ಸಭೆ ಸುಧಾರಣಾವಾದಿಗಳ ಬಾಗಿಲು ಹೊಕ್ಕಿತು.

ಹಾಗೆಂದು ಗೇಟ್ಸ್ ಆಫ್ ಪ್ರೇಯರ್ ಹುಟ್ಟಿನಿಂದ ಬೇರೆಯದೇನಲ್ಲ. 1850ರಲ್ಲಿ ಜರ್ಮನಿ ಕಡೆಯ ವಲಸಿಗರು ಅದನ್ನು ಕಟ್ಟಿದಾಗ ಅದೂ ಸಂಪ್ರದಾಯಸ್ಥ ಸಭೆಯೇ. ಸುಧಾರಣೆ ಬಂದದ್ದು ಆಮೇಲೆ. ಅಜ್ಜನ ಮನೆಯ ಕಟ್ಟುಪಾಡು ಗೊತ್ತಿರುವ ಮೊಮ್ಮಕ್ಕಳ ಮನೆ ಎನ್ನಬಹುದು.

ಇಲ್ಲಿ ನನಗೆ ಬಹಳ ಹಿಡಿಸಿದ್ದು ಆ ಏರ್ಪಾಡಿನ ಸ್ವರೂಪ. ಎರಡು ಸಭೆ ಒಂದಾಗೋಣ ಎಂಬ ಒತ್ತಾಯ ಇರಲಿಲ್ಲ. ನಮ್ಮ ಜತೆಯೇ ಕೂತು ಪ್ರಾರ್ಥಿಸಿ, ಅದರಲ್ಲೇನಿದೆ, ಎಂಬ ಉಪಚಾರವೂ ಇರಲಿಲ್ಲ. ಬೆತ್ ಇಸ್ರೇಲ್‌ಗೆ ಬೇರೆ ಜಾಗ. ಅಲ್ಲಿ ಅವರ ತಡಿಕೆ, ಅವರ ಪ್ರಾರ್ಥನೆ, ಅವರ ಹೊತ್ತು. ಮತ್ತೊಂದು ವಿಷಯ, ಬೆತ್ ಇಸ್ರೇಲ್ ಬಾಡಿಗೆದಾರನಾಗಿ ಇತ್ತು. ಬಾಡಿಗೆ ಎಂದ ಕೂಡಲೇ ಕೆಲವರಿಗೆ ಇದು ಸಹಾಯವೇ ಅಲ್ಲ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಪುಕ್ಕಟೆ ಸೂರಿನಡಿ ವರ್ಷಾನುಗಟ್ಟಲೆ ಇರುವವರ ದನಿ ತಾನಾಗಿಯೇ ತಗ್ಗುತ್ತದೆ. ತಡಿಕೆ ಇಡಬಹುದಾ, ಕುರ್ಚಿ ಸರಿಸಬಹುದಾ ಎಂದು ಪ್ರತಿಯೊಂದಕ್ಕೂ ಮುಖ ನೋಡಬೇಕಾಗುತ್ತದೆ. ಬಾಡಿಗೆ ಕೊಡುವವರು ಅತಿಥಿಗಳಲ್ಲ, ನೆರೆಯವರು. ನೆರೆಯವರಾಗಿದ್ದರಿಂದಲೇ ಅವರು ತಮ್ಮ ಹಾಗೆ ಉಳಿದರು.

ಹಬ್ಬದ ದಿನಗಳಲ್ಲಿ ಈ ಸಹವಾಸದ ರೂಪವನ್ನು ಊಹಿಸಿಕೊಳ್ಳಬಹುದು. ಯಹೂದಿ ಹೊಸವರ್ಷ ಎರಡೂ ಸಭೆಗಳಿಗೆ ಒಂದೇ ದಿನ ಶುರು. ಒಂದೇ ಕಟ್ಟಡದ ಎರಡು ಭಾಗಗಳಲ್ಲಿ ಟಗರಿನ ಕೊಂಬು ಊದುತ್ತಾರೆ. ಒಂದು ಕಡೆ ಹಾಡು, ವಾದ್ಯ. ಇನ್ನೊಂದು ಕಡೆ ಬರೀ ಕಂಠ. ಕೊಂಬಿನ ದನಿ ಅದೇ.

ಜನ ಬೇಕು

ಪುಸ್ತಕ ಕೊಡುವವರು ಸಿಗುತ್ತಾರೆ, ಸುರುಳಿ ಕೊಡುವವರೂ ಸಿಕ್ಕರು. ಸದಸ್ಯರನ್ನು ಕೊಡುವವರು ಯಾರು? ಈ ಪ್ರಕರಣದ ಕಠಿಣ ಭಾಗ ಇದೇ, ಸುದ್ದಿಯ ಚಿತ್ರಗಳಲ್ಲಿ ಕಾಣದ ಭಾಗವೂ ಇದೇ.

ಕತ್ರಿನಾಕ್ಕೆ ಮುಂಚೆ ನ್ಯೂ ಆರ್ಲಿಯನ್ಸ್ ಸುತ್ತಮುತ್ತ ಸುಮಾರು ಹತ್ತು ಸಾವಿರ ಯಹೂದಿಗಳಿದ್ದರು. ಪ್ರವಾಹದ ನಂತರ ಆ ಸಂಖ್ಯೆ ಬಹಳ ಇಳಿಯಿತು. ಊರಿನ ಯಹೂದಿ ಒಕ್ಕೂಟ 2007ರಲ್ಲಿ ಹೊಸಬರನ್ನು ಕರೆತರುವ ಒಂದು ಯೋಜನೆ ಹಾಕಿತು. ಇಲ್ಲಿಗೆ ಬಂದು ನೆಲೆಸುವ ಯಹೂದಿ ಕುಟುಂಬಗಳಿಗೆ ಸಾಮಾನು ಸಾಗಿಸುವ ಖರ್ಚಿಗೆ ನೆರವು, ಬಡ್ಡಿಯಿಲ್ಲದ ಸಾಲ, ಯಹೂದಿ ಶಾಲೆಯ ಶುಲ್ಕದಲ್ಲಿ ರಿಯಾಯಿತಿ, ಸಿನಗಾಗ್ ಸದಸ್ಯತ್ವದಲ್ಲೂ ರಿಯಾಯಿತಿ. ದುರಂತದ ಊರಿಗೆ ಹೊಸಬರನ್ನು ಕರೆಯುವುದು ಧೈರ್ಯದ ಕೆಲಸ. ಬಂದವರಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನವರು, ಊರು ಕಟ್ಟುವ ಹುಮ್ಮಸ್ಸಿನಿಂದ ಬಂದವರು. ಕೆಲವೇ ವರ್ಷಗಳಲ್ಲಿ ಯಹೂದಿಗಳ ಸಂಖ್ಯೆ ಹಳೆಯ ಮಟ್ಟಕ್ಕೆ ಹತ್ತಿರ ಬಂತು.

ಅದೇ 2007ರಲ್ಲಿ ಬೆತ್ ಇಸ್ರೇಲ್‌ಗೂ ಹೊಸ ರಬ್ಬಿ ಬಂದರು, ಯೂರಿ ಟೊಪೊಲಾಸ್ಕಿ. ನ್ಯೂಯಾರ್ಕಿನ ಸಭೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ತರುಣ. ಕಟ್ಟಡವಿಲ್ಲದ, ಹಳೆಯ ಸದಸ್ಯರಲ್ಲಿ ಹೆಚ್ಚಿನವರು ಊರು ಬಿಟ್ಟಿದ್ದ, ಇನ್ನೊಬ್ಬರ ಸೂರಿನಡಿ ಇದ್ದ ಸಭೆಗೆ ಕುಟುಂಬ ಸಮೇತ ಬರಲು ಒಪ್ಪಿದ್ದು ಸಣ್ಣ ಮಾತಲ್ಲ. ಆರು ವರ್ಷ, 2013ರವರೆಗೆ ಇದ್ದರು. ಅವರಿಗೂ ಲೋವಿಯವರಿಗೂ ಒಳ್ಳೆಯ ಸ್ನೇಹ ಬೆಳೆಯಿತು. ಸಂಪ್ರದಾಯಸ್ಥ ರಬ್ಬಿ, ಸುಧಾರಣಾವಾದಿ ರಬ್ಬಿ ಒಂದೇ ಕಟ್ಟಡದಲ್ಲಿ ಎದುರುಬದುರಾಗಿ ಓಡಾಡಿಕೊಂಡಿರುವುದು ಅಮೆರಿಕದಲ್ಲೂ ಅಪರೂಪವೇ.

ಈ ನಡುವೆ ಲೇಕ್‌ವ್ಯೂನ ಹಳೆಯ ಕಟ್ಟಡದ ಗತಿ ನೋಡಿದರೆ ಸಂಕಟವಾಗುತ್ತದೆ. ನೀರು ಇಳಿದ ಮೇಲೂ ಅದು ಹಾಳಾಗುತ್ತಲೇ ಹೋಯಿತು. ಮತ್ತೆ ನೀರು ನುಗ್ಗಿತು, ಕಿಡಿಗೇಡಿಗಳು ಹೊಕ್ಕು ಒಡೆದರು. ಐನೂರು ಕುಟುಂಬಗಳ ಕಾಲದ ಅಂದಾಜಿನಲ್ಲಿ ಹುಟ್ಟಿದ ಕಟ್ಟಡವನ್ನು ಉಳಿದ ಕೆಲವೇ ಜನ ದುರಸ್ತಿ ಮಾಡುವ ಹಾಗಿರಲಿಲ್ಲ. ಹಳೆಯ ಜಾಗಕ್ಕೆ ಮರಳಬೇಕೆಂಬ ಆಸೆ ಕೆಲವರಿಗಾದರೂ ಇದ್ದಿರಲೇಬೇಕು. ಆ ಸಭಾಂಗಣದಲ್ಲಿ ಮದುವೆಯಾದವರಿದ್ದರು, ಅಲ್ಲಿನ ಗೋಡೆಯ ಮೇಲೆ ತಮ್ಮ ಹಿರಿಯರ ಹೆಸರಿನ ಫಲಕ ಇಟ್ಟವರಿದ್ದರು. ಸಭೆ ಉಳಿಯಿತು ಎಂದು ನಾವು ಹೊರಗಿನಿಂದ ಹೇಳುವಾಗ, ಜಾಗ ಉಳಿಯಲಿಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ನೂರು ವರ್ಷ ನ್ಯೂ ಆರ್ಲಿಯನ್ಸ್ ನಗರದೊಳಗಿದ್ದ ಸಭೆ ನಗರದ ಗಡಿ ದಾಟಿ ಉಪನಗರಕ್ಕೆ ಹೋಯಿತು.

4000, 4004

ಬಾಡಿಗೆಯ ಜಾಗದಲ್ಲಿ ಮೂರ್ನಾಲ್ಕು ವರ್ಷ ಕಳೆದ ಮೇಲೆ ಮುಂದೇನು ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೇರೆ ಎಲ್ಲಾದರೂ ನಿವೇಶನ ನೋಡಬಹುದಿತ್ತು. ಬೆತ್ ಇಸ್ರೇಲ್ ಹಾಗೆ ಮಾಡಲಿಲ್ಲ. 2009ರಲ್ಲಿ ಗೇಟ್ಸ್ ಆಫ್ ಪ್ರೇಯರ್ ತನ್ನದೇ ಜಮೀನಿನ ಒಂದು ಭಾಗವನ್ನು ಅವರಿಗೆ ಮಾರಿತು. ಮಗ್ಗುಲಲ್ಲೇ, ಅದೇ ರಸ್ತೆಯಲ್ಲಿ. ಮನೆ ನಂಬರು 4004.

ಮಾರಾಟದ ಈ ವ್ಯವಹಾರವನ್ನು ನಾನು ಬಾಡಿಗೆಗಿಂತಲೂ ದೊಡ್ಡದಾಗಿ ನೋಡುತ್ತೇನೆ. ಕಷ್ಟಕಾಲದಲ್ಲಿ ಜಾಗ ಕೊಟ್ಟವರೂ ಕಷ್ಟ ತೀರಿದ ಮೇಲೆ ಇವರು ಹೊರಡಲಿ ಎಂದು ಒಳಗೊಳಗೇ ಬಯಸುವುದು ಮನುಷ್ಯ ಸಹಜ. ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದು, ಆಮೇಲೂ ಒಬ್ಬರು ಪಕ್ಕದ ನಿವೇಶನ ಕೊಡಲು, ಇನ್ನೊಬ್ಬರು ಅದನ್ನೇ ಕೊಳ್ಳಲು ಮನಸ್ಸು ಮಾಡುತ್ತಾರೆ ಎಂದರೆ ಆ ನಾಲ್ಕು ವರ್ಷ ಹೇಗಿದ್ದಿರಬೇಕೆಂದು ಬೇರೆ ಸಾಕ್ಷಿ ಬೇಕಿಲ್ಲ. ಗಮನಿಸಬೇಕಾದ ಇನ್ನೊಂದು ಅಂಶ, ಒಂದಾಗುವ ಅವಕಾಶ ಪೂರ್ತಿ ಇದ್ದಾಗಲೂ ಎರಡೂ ಬೇರೆ ಬೇರೆಯಾಗಿಯೇ ಉಳಿದವು. ಬೇರೆ ಹೆಸರು, ಬೇರೆ ಬಾಗಿಲು, ಬೇರೆ ಅಡುಗೆಮನೆ. ನಡುವೆ ಕೆಲವು ಹೆಜ್ಜೆ ದೂರ.

2010ರ ನವೆಂಬರ್ 14ರಂದು ಗುದ್ದಲಿ ಪೂಜೆ ನಡೆಯಿತು (ಅವರ ರೀತಿಯಲ್ಲಿ, ಆದರೆ ಗುದ್ದಲಿ ಗುದ್ದಲಿಯೇ). ಪ್ರವಾಹದ ನಂತರ ಇದೇ ಜನ ಮಣ್ಣು ಅಗೆದದ್ದು ಸುರುಳಿಗಳನ್ನು ಹೂಳುವುದಕ್ಕೆ. ಈ ಸಲ ಅಗೆದದ್ದು ಅವುಗಳ ಜಾಗಕ್ಕೆ ಬಂದ ಸುರುಳಿಗಳಿಗೆ ಮನೆ ಕಟ್ಟುವುದಕ್ಕೆ. 2012ರ ಆಗಸ್ಟ್ 26ರ ಭಾನುವಾರ ಹೊಸ ಸಿನಗಾಗ್ ಪ್ರತಿಷ್ಠಾಪನೆಯಾಯಿತು. ಹಳೆಯದರಷ್ಟು ದೊಡ್ಡದಲ್ಲ, ಇರುವ ಜನಕ್ಕೆ ತಕ್ಕದ್ದು. ಹೊಸ ಮನೆಗೆ ಸುರುಳಿ ಒಯ್ಯುವಾಗ ಯಹೂದಿಗಳು ಅದನ್ನು ಸುಮ್ಮನೆ ಸಾಗಿಸುವುದಿಲ್ಲ. ಎದೆಗವಚಿಕೊಂಡು, ಸರದಿಯಲ್ಲಿ ಒಬ್ಬರಿಂದೊಬ್ಬರಿಗೆ ದಾಟಿಸುತ್ತ, ಮೇಲೆ ಚಪ್ಪರದ ಬಟ್ಟೆ ಹಿಡಿದು, ಹಾಡುತ್ತ ಕುಣಿಯುತ್ತ ಹೋಗುತ್ತಾರೆ. 2005ರ ಚಿತ್ರದಲ್ಲಿ ಲೈಫ್ ಜಾಕೆಟ್ ತೊಟ್ಟವರು ಎತ್ತಿಕೊಂಡದ್ದೂ ಹೀಗೆಯೇ, ಎದೆಗವಚಿಕೊಂಡು.

ಪ್ರತಿಷ್ಠೆ ಆದ ಭಾನುವಾರವೇ ಮೆಕ್ಸಿಕೋ ಕೊಲ್ಲಿಯ ಮೇಲೆ ಇನ್ನೊಂದು ಬಿರುಗಾಳಿ ಬರುತ್ತಿತ್ತು, ಹೆಸರು ಐಸಾಕ್. ಮಂಗಳವಾರ ರಾತ್ರಿ ಅದು ಚಂಡಮಾರುತವಾಗಿ ಲೂಸಿಯಾನಾದ ಕರಾವಳಿಗೆ ಬಡಿಯಿತು. ಬುಧವಾರ ಆಗಸ್ಟ್ 29, ಕತ್ರಿನಾ ಬಡಿದು ಸರಿಯಾಗಿ ಏಳು ವರ್ಷ. ನಿಧಾನವಾಗಿ ಚಲಿಸುತ್ತಿದ್ದ ಗಾಳಿ ಊರಿನ ಮೇಲೆ ಮಳೆ ಸುರಿಸುತ್ತಲೇ ಇತ್ತು, ಸರೋವರದ ನೀರು ಮತ್ತೆ ಏರಿತು. ಈ ಸಲ 17ನೇ ಬೀದಿ ಕಾಲುವೆಯ ಗೋಡೆ ಎರಡೂ ದಡದಲ್ಲಿ ನಿಂತಿತು.